‘ಇವತ್ತು ಎಷ್ಟಾಯ್ತು?’

ಮಾನ್ಯರೇ,

ಆಲೂರಿನಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಬಗ್ಗೆ ವಾಹಿನಿಗಳು ಹಗಲಿರುಳು ಬಿತ್ತರಿಸಿದ ಸುದ್ದಿಗೆ ಗಾಬರಿಯಾದ ತಮ್ಮ ಸೊಸೆ, ಗಟ್ಟಿಮುಟ್ಟಾಗಿದ್ದ ತಮ್ಮ ಮಗನನ್ನು ಮೈಸೂರಿನ ಜಯದೇವ ಆಸ್ಪತ್ರೆಗೆ ಹೊರಡಿಸಿಕೊಂಡು ಹೋಗಿ ನಸುಕಿನಿಂದ ಸರದಿಯಲ್ಲಿ ನಿಂತದ್ದನ್ನೂ, ‘ನಿಮ್ಮ ಜಿಲ್ಲೆಗೆ ಕಾಲಿಡಲು ಭಯ’ ಎಂದು ಬೆಂಗಳೂರಿನ ನೆಂಟರು ಗೃಹಪ್ರವೇಶ ತಪ್ಪಿಸಿದ್ದನ್ನೂ ಬರೆದಿದ್ದೀರಿ. ತಜ್ಞರ ವರದಿ ಬಂದಾಗ ಅದೇ ವಾಹಿನಿಗಳ ಬಾಯಿ ಏಕೆ ಕಟ್ಟಿತು ಎಂದು ಕೇಳಿ, ‘ನೀವು ಮಾಧ್ಯಮದವರೆಲ್ಲ ಒಂದೇ’ ಎಂದು ಪತ್ರ ಮುಗಿಸಿದ್ದೀರಿ.

ಬಾಯಿ ಪೂರ್ತಿ ಕಟ್ಟಿರಲಿಲ್ಲ, ವರದಿಯೂ ಸುದ್ದಿಯಾಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ವಾರಗಟ್ಟಲೆ ಹಬ್ಬಿಸಿದ ಭಯವನ್ನು ಒಂದು ದಿನದ ಸುದ್ದಿ ಇಳಿಸಲಾರದು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ವಿದ್ಯುತ್ ತಗುಲಿ ಸತ್ತವರು, ರಸ್ತೆ ಅಪಘಾತದಲ್ಲಿ ಸತ್ತವರು ಕೂಡ ವಾಹಿನಿಗಳ ಹೃದಯಾಘಾತದ ಪಟ್ಟಿಯಲ್ಲಿ ಸೇರಿಹೋಗಿದ್ದರು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರು ಮಂದಿ ತೀರಿಕೊಳ್ಳುತ್ತಾರೆ ಎಂದು ಕಡಿಮೆ ಹಿಡಿದರೂ ದಿನಕ್ಕೆ ಸುಮಾರು 29 ಸಾವಾಗುತ್ತದೆ. ದೇಶದಲ್ಲಿ ಸಂಭವಿಸುವ ಸಾವುಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣವಾಗಿರುವುದರಿಂದ, ಯಾವ ಗದ್ದಲವೂ ಇಲ್ಲದ ಒಂದು ಸಾಮಾನ್ಯ ದಿನದಲ್ಲೂ ಜಿಲ್ಲೆಯಲ್ಲಿ ಇಂತಹ ಸುಮಾರು ಏಳು ಸಾವುಗಳಾಗುತ್ತಿರುತ್ತವೆ. ‘ನಲವತ್ತು ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು’ ಎಂದು ಕೂಗಿದವರಲ್ಲಿ ಒಬ್ಬರಾದರೂ ಹಿಂದಿನ ವರ್ಷ ಅದೇ ನಲವತ್ತು ದಿನಗಳಲ್ಲಿ ಎಷ್ಟಿತ್ತು ಎಂದು ಕೇಳಿದ್ದರೆ, ತಮ್ಮ ಮಗ ಆ ಸರದಿಯಲ್ಲಿ ನಿಲ್ಲಬೇಕಾಗುತ್ತಿರಲಿಲ್ಲ. ಕಿರಿಯ ವಯಸ್ಸಿನವರ ಸಾವು ಆತಂಕದ ವಿಷಯ ಹೌದು. ಅದಕ್ಕೇ ಲೆಕ್ಕ ಇನ್ನೂ ಬಿಗಿಯಾಗಿರಬೇಕಿತ್ತು.

ಆ ದಿನಗಳಲ್ಲಿ ನಾನು ಕಂಡದ್ದೊಂದನ್ನು ಹೇಳುತ್ತೇನೆ. ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ವಾಹಿನಿಯೊಂದರ ಸ್ಟ್ರಿಂಜರ್ ಹುಡುಗ ನನ್ನ ಪಕ್ಕದಲ್ಲೇ ಕುಳಿತಿದ್ದ. ಸುದ್ದಿಯೊಂದಕ್ಕೆ ಇಷ್ಟು ಎಂದು ಹಣ ಪಡೆಯುವವನು, ಬೈಕಿನ ಪೆಟ್ರೋಲು ಅವನದೇ. ಬೆಂಗಳೂರಿನ ಡೆಸ್ಕಿನಿಂದ ಫೋನ್ ಬಂತು. ‘ಇವತ್ತು ಎಷ್ಟಾಯ್ತು?’ ‘ಒಂದು ಸರ್, ಆದ್ರೆ ಪೋಸ್ಟ್‌ಮಾರ್ಟಂ ಆಗಿಲ್ಲ.’ ‘ವಯಸ್ಸು ಹೇಳು, ಉಳಿದದ್ದು ಆಮೇಲೆ ನೋಡೋಣ.’ ಅವನು ವಯಸ್ಸು ಹೇಳಿದ. ಟೀ ಮುಗಿಯುವಷ್ಟರಲ್ಲಿ ಅಂಗಡಿಯ ಟಿವಿಯಲ್ಲಿ ಕೆಂಪು ಪಟ್ಟಿಯೊಳಗೆ ಸಂಖ್ಯೆ ಒಂದು ಏರಿತ್ತು. ಆ ಹುಡುಗನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವನು ಸತ್ಯವನ್ನೇ ಹೇಳಿದ್ದ, ಅದು ಡೆಸ್ಕಿನವರಿಗೆ ಬೇಕಾಗಿರಲಿಲ್ಲ.

ಇನ್ನು ಆದ್ಯತೆಯ ಮಾತು. ಆ ಗದ್ದಲದ ನಡುವೆಯೇ ಸರ್ಕಾರ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆ ನಡೆಸಬೇಕೆಂದು ಪ್ರಕಟಿಸಿತು. ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಹೇಳಿತು. ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಸಕಲೇಶಪುರದ ಮೂಲೆಯ ತೋಟದಲ್ಲಿ ರಾತ್ರಿ ಎದೆ ಹಿಡಿದುಕೊಂಡು ಕೂತ ಕೂಲಿಯಾಳಿಗೆ ಬೇಕಾಗಿದ್ದ ಸುದ್ದಿ ಇದು: ಆ ಔಷಧಿ ತನ್ನ ತಾಲ್ಲೂಕಿನಲ್ಲಿ ಸಿಗುತ್ತದೆಯೇ, ಇಸಿಜಿ ತೆಗೆಯುವವರು ರಾತ್ರಿ ಇರುತ್ತಾರೆಯೇ? ಚರ್ಚೆಯ ಮೇಜುಗಳಲ್ಲಿ ಜಾಗ ಸಿಕ್ಕಿದ್ದು ಕೋವಿಡ್ ಲಸಿಕೆಯ ಮೇಲಿನ ಅನುಮಾನಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆಯ ಅಧ್ಯಯನಗಳು ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಕಂಡಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ ಮೇಲೂ ಆ ಮಾತು ನಿಲ್ಲಲಿಲ್ಲ.

ಎಲ್ಲಿ ದೂರು ಕೊಡಬೇಕೆಂದು ಕೇಳಿದ್ದೀರಿ. ಪತ್ರಿಕೆಗಳ ಮೇಲಿನ ದೂರನ್ನು 1978ರ ಕಾಯ್ದೆಯಡಿ ರಚನೆಯಾದ ಭಾರತೀಯ ಪತ್ರಿಕಾ ಮಂಡಳಿ ವಿಚಾರಿಸುತ್ತದೆ. ಅದು ಎಚ್ಚರಿಸಬಹುದು, ಖಂಡಿಸಬಹುದು, ದಂಡ ವಿಧಿಸಲಾರದು. ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ. ವಾಹಿನಿಗೆ ಮೊದಲು ನೇರವಾಗಿ ಬರೆಯಬೇಕು. ಉತ್ತರ ತೃಪ್ತಿ ತರದಿದ್ದರೆ, ಆ ವಾಹಿನಿ ಸುದ್ದಿ ಪ್ರಸಾರಕರ ಸಂಘದ ಸದಸ್ಯನಾಗಿದ್ದರೆ ಮಾತ್ರ, ಸಂಘವೇ ರಚಿಸಿಕೊಂಡಿರುವ ಪ್ರಾಧಿಕಾರಕ್ಕೆ ಹೋಗಬಹುದು. ಪ್ರಸಾರವಾದ ದಿನ, ವೇಳೆ ಬರೆದಿಟ್ಟುಕೊಳ್ಳಿ. ಅದಿಲ್ಲದ ದೂರು ನಿಲ್ಲುವುದಿಲ್ಲ.

‘ನೀವೆಲ್ಲ ಒಂದೇ’ ಎಂಬ ಮಾತು ಓದಿ ಮೊದಲು ಸಿಟ್ಟು ಬಂದದ್ದು ನಿಜ. ಆಮೇಲೆ ನಮ್ಮದೇ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಜುಲೈ ಸಂಚಿಕೆಯ ಮುಖಪುಟದಲ್ಲಿ ನಾವೂ ಒಂದು ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ, ಅದು ಎಲ್ಲಿಂದ ಬಂತೆಂದು ಹೇಳಿಲ್ಲ. ದಿನಪತ್ರಿಕೆಗಳ ತುಣುಕುಗಳನ್ನು ಕೂಡಿಸಿ ಮಾಡಿದ ಲೆಕ್ಕ ಅದು. ಆಗಸ್ಟ್ ಸಂಚಿಕೆಯ ತಿದ್ದುಪಡಿ ಪದಬಂಧದ ಕೆಳಗೆ ಎರಡು ಸಾಲಿನಲ್ಲಿ ಅಡಗಿದೆ. ಅಲ್ಲಿ ಹಾಕಿಸಿದವನು ನಾನೇ, ಜಾಗ ಇಲ್ಲವೆಂಬ ನೆಪದಲ್ಲಿ.

ಅದೇ ತಿದ್ದುಪಡಿಯನ್ನು ಸಮಿತಿಯ ಅಂಕಿಗಳೊಂದಿಗೆ ಈ ಸಂಚಿಕೆಯ ಮುಖಪುಟದಲ್ಲಿ, ಜುಲೈನಲ್ಲಿ ಬಳಸಿದ್ದ ಅಳತೆಯ ಅಕ್ಷರದಲ್ಲೇ ಅಚ್ಚು ಹಾಕಿಸಿದ್ದೇನೆ. ಚಂದಾ ನಿಲ್ಲಿಸುವುದಾಗಿ ತಾವು ಬರೆದಿರುವುದರಿಂದ ಈ ಪ್ರತಿಯನ್ನು ಬೇರೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ಇಂತಿ,
ಸಂಪಾದಕ, ಹಾಸನ