ಆ ಹಳದಿ ಸೇತುವೆಯ ಮೇಲಿನ ಹೆಸರು

ಓದುಗರ ಪತ್ರ: “ಪಿಟ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ವೆಂಕಟೇಶ್ವರ ದೇವಸ್ಥಾನ ನೋಡಿಯಾದ ಮೇಲೆ ಒಂದು ಸಂಜೆ ಅಳಿಯ ಬೇಸ್‌ಬಾಲ್ ಆಟಕ್ಕೆ ಕರೆದುಕೊಂಡು ಹೋದರು. ನದಿ ದಾಟುವ ಹಳದಿ ಸೇತುವೆಗೆ ಆಟಗಾರರೊಬ್ಬರ ಹೆಸರಿತ್ತು. ಅವತ್ತು ಊರಿನ ತಂಡ ಸೋತಿತು. ಎಷ್ಟೋ ವರ್ಷದಿಂದ ಸೋಲುತ್ತಲೇ ಇದೆಯಂತೆ. ಆದರೂ ಜನ ಬರುತ್ತಾರಲ್ಲ, ಯಾಕೆ?” – ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮ್ಮ ಅಳಿಯ ಹೇಳಿದ್ದು ನಿಜ. 1993ರಿಂದ 2012ರವರೆಗೆ, ಸತತ 20 ವರ್ಷ, ಪಿಟ್ಸ್‌ಬರ್ಗ್ ಪೈರೇಟ್ಸ್ ಗೆದ್ದ ಆಟಗಳಿಗಿಂತ ಸೋತ ಆಟಗಳೇ ಜಾಸ್ತಿ. ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಬೇರೆ ಯಾವ ತಂಡಕ್ಕೂ ಇಷ್ಟು ದೀರ್ಘ ಕಾಲ ಹೀಗಾಗಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ನೀವೇ ನಡೆದು ಬಂದ ಸೇತುವೆಯ ಮೇಲಿದೆ. ರೊಬೆರ್ಟೊ ಕ್ಲೆಮೆಂಟೆ.

ಅವರಿಗಿಂತ ಮುಂಚಿನದನ್ನು ಬೇಗ ಹೇಳಿಬಿಡುತ್ತೇನೆ. 1890ರ ಆಟಗಳು ಮುಗಿದ ಮೇಲೆ ಈ ತಂಡ ಬೇರೆಯವರ ಆಟಗಾರನೊಬ್ಬನನ್ನು ಸೆಳೆದುಕೊಂಡಿತು. ಇದು ಕಡಲ್ಗಳ್ಳರ ಕೆಲಸ ಅಂತ ಎದುರಾಳಿಗಳು ಕೂಗಾಡಿದರು. ಬೈಗುಳವೇ ಹೆಸರಾಯಿತು, ಪೈರೇಟ್ಸ್. ಮೊದಲ ದೊಡ್ಡ ತಾರೆ ಹೋನಸ್ ವ್ಯಾಗ್ನರ್. ಚಿಕ್ಕಂದಿನಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ಲೀಗ್‌ನ ಬ್ಯಾಟಿಂಗ್ ಪಟ್ಟವನ್ನು 8 ಸಲ ಗೆದ್ದರು. ಸಿಗರೇಟ್ ಪೊಟ್ಟಣದ ಜೊತೆ ಬರುತ್ತಿದ್ದ ಅವರ ಚಿತ್ರದ ಪುಟ್ಟ ಕಾರ್ಡೊಂದು 2022ರಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚಿಗೆ ಮಾರಾಟವಾಯಿತು. 1909ರಲ್ಲಿ, ಆಮೇಲೆ 1925ರಲ್ಲಿ ತಂಡ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದಿತು.

ಕ್ಲೆಮೆಂಟೆ ಹುಟ್ಟಿದ್ದು 1934ರಲ್ಲಿ, ಪೋರ್ಟೊ ರಿಕೊ ದ್ವೀಪದಲ್ಲಿ. ತಂದೆಗೆ ಕಬ್ಬಿನ ಗದ್ದೆಯಲ್ಲಿ ಕೆಲಸ. 1955ರಲ್ಲಿ ಪೈರೇಟ್ಸ್ ಪರ ಮೈದಾನಕ್ಕಿಳಿದಾಗ ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಪತ್ರಕರ್ತರು ಅವರ ಉಚ್ಚಾರಣೆಯನ್ನು ಹಾಗ್ಹಾಗೇ ಅಚ್ಚು ಹಾಕಿ ನಗುತ್ತಿದ್ದರು. ಕಾರ್ಡುಗಳಲ್ಲಿ ‘ಬಾಬ್’ ಅಂತ ಹೆಸರು ಬದಲಿಸಿದರು. ನನ್ನ ಹೆಸರು ರೊಬೆರ್ಟೊ ಅಂತ ಅವರು ಹೇಳುತ್ತಲೇ ಇದ್ದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1960ರ ವರ್ಲ್ಡ್ ಸೀರೀಸ್‌ನಲ್ಲಿ ಪೈರೇಟ್ಸ್ ಎದುರು ನ್ಯೂಯಾರ್ಕ್‌ನ ಬಲಾಢ್ಯ ತಂಡ ಯಾಂಕೀಸ್. ಏಳು ಆಟಗಳಲ್ಲಿ ಯಾಂಕೀಸ್ ಹೊಡೆದದ್ದು 55 ರನ್, ಪೈರೇಟ್ಸ್ ಬರೀ 27. ಆದರೂ ನಾಲ್ಕು ಆಟ ಗೆದ್ದು ಪಟ್ಟ ಪಡೆದದ್ದು ಪಿಟ್ಸ್‌ಬರ್ಗ್! ಕೊನೆಯ ಆಟ, ಕೊನೆಯ ಇನಿಂಗ್ಸ್, 9–9ರ ಸಮ. ಪೈರೇಟ್ಸ್‌ನ ಬಿಲ್ ಮಾಜರೋಸ್ಕಿ ಹೊಡೆದ ಚೆಂಡು ಎಡಗಡೆಯ ಬಳ್ಳಿ ಹಬ್ಬಿದ ಇಟ್ಟಿಗೆ ಗೋಡೆಯ ಮೇಲಿಂದ ಹಾರಿತು. ಕೆಳಗೆ ನಿಂತಿದ್ದ ಯಾಂಕೀಸ್ ಆಟಗಾರ ಯೋಗಿ ಬೆರಾ ಸುಮ್ನೆ ನೋಡುತ್ತಾ ಉಳಿದರು. ಗಡಿಯಾರದಲ್ಲಿ ಮಧ್ಯಾಹ್ನ 3:36.

1971ರಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆಯಿತು. ಸೆಪ್ಟೆಂಬರ್ 1ರಂದು ಪೈರೇಟ್ಸ್ ಆಡಿಸಿದ ಒಂಬತ್ತೂ ಜನ ಕಪ್ಪು ಅಥವಾ ಲ್ಯಾಟಿನ್ ಆಟಗಾರರು. ದೊಡ್ಡ ಲೀಗ್‌ನಲ್ಲಿ ಅದೇ ಮೊದಲು. ಆ ವರ್ಷ ಮತ್ತೆ ವರ್ಲ್ಡ್ ಸೀರೀಸ್ ಗೆದ್ದರು. ಗೆದ್ದ ಮೇಲೆ ಟಿವಿಯವರು ಮೈಕ್ ಹಿಡಿದರೆ, ಕ್ಲೆಮೆಂಟೆ ಮೊದಲು ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ಅಪ್ಪ ಅಮ್ಮನ ಆಶೀರ್ವಾದ ಬೇಡಿದರು. ದೇಶವೆಲ್ಲ ನೋಡುತ್ತಿದ್ದ ಹೊತ್ತಿನಲ್ಲಿ, ತನ್ನ ಮಾತನ್ನು ಗೇಲಿ ಮಾಡಿದವರ ಮುಂದೆಯೇ, ತಾಯ್ನುಡಿಯಲ್ಲಿ.

ಚೆಂಡು ಹೊಡೆದು ಔಟಾಗದೆ ಬೇಸ್ (ಓಡುವ ದಾರಿಯಲ್ಲಿನ ನಿಲ್ದಾಣ) ಮುಟ್ಟಿದರೆ ಅದೊಂದು ಹಿಟ್. 1972ರ ಸೆಪ್ಟೆಂಬರ್ 30ರಂದು ಕ್ಲೆಮೆಂಟೆ 3,000ನೇ ಹಿಟ್ ಬಾರಿಸಿದರು. ಅವರಿಗಿಂತ ಮುಂಚೆ ಅಷ್ಟು ಹೊಡೆದವರು 10 ಜನ ಮಾತ್ರ. ಎರಡನೇ ಬೇಸ್ ಮೇಲೆ ನಿಂತು ಟೋಪಿ ಎತ್ತಿ ತೋರಿಸಿದರು.

ಆ ಲೆಕ್ಕ ಅಲ್ಲಿಗೇ ನಿಂತಿತು. ಡಿಸೆಂಬರ್ 23ರಂದು ನಿಕರಾಗುವಾದಲ್ಲಿ ಭೂಕಂಪವಾಯಿತು. ಕ್ಲೆಮೆಂಟೆ ದವಸ, ಔಷಧಿ ಕೂಡಿಸಿ ಕಳಿಸಿದರು. ಅದು ಸಂತ್ರಸ್ತರ ಕೈ ಸೇರದೆ ದಾರಿಯಲ್ಲೇ ಬೇರೆಯವರ ಪಾಲಾಗುತ್ತಿದೆ ಅಂತ ಸುದ್ದಿ ಬಂತು. ನಾನೇ ಹೋದರೆ ಹಾಗಾಗಲಿಕ್ಕಿಲ್ಲ ಅಂತ ಡಿಸೆಂಬರ್ 31ರ ರಾತ್ರಿ ವಿಮಾನ ಹತ್ತಿದರು. ಮಿತಿಮೀರಿ ಹೊರೆ ತುಂಬಿದ್ದ ಹಳೇ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಅವರಿಗೆ 38 ವರ್ಷ. ದೇಹ ಸಿಗಲೇ ಇಲ್ಲ. ತಂಡದವರೆಲ್ಲ ಶ್ರದ್ಧಾಂಜಲಿಗೆ ಸೇರಿದ್ದಾಗ ಗೆಳೆಯ ಮ್ಯಾನಿ ಸ್ಯಾಂಗಿಯೆನ್ ಅಲ್ಲಿರಲಿಲ್ಲ. ಅವರು ಕಡಲಲ್ಲಿ ಮುಳುಗಿ ಮುಳುಗಿ ಹುಡುಕುತ್ತಿದ್ದರು.

1979ರಲ್ಲಿ ವಿಲ್ಲಿ ಸ್ಟಾರ್ಜೆಲ್ ತಂಡಕ್ಕೆ ಇನ್ನೊಂದು ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟರು. ಅದೇ ಕೊನೆಯದು. 1992ರ ನಂತರ ಆಗಿನ ದೊಡ್ಡ ತಾರೆ ಬ್ಯಾರಿ ಬಾಂಡ್ಸ್ ತಂಡ ಬಿಟ್ಟರು. ಆಮೇಲಿನದು ನಿಮಗೆ ಗೊತ್ತೇ ಇದೆ. ಆ ಸೋಲಿನ ದಿನಗಳಲ್ಲೇ, 2008ರಲ್ಲಿ, ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಅವರನ್ನು ಇದೇ ಪೈರೇಟ್ಸ್ ಸೇರಿಸಿಕೊಂಡಿತು. ಇಬ್ಬರೂ ಮುಖ್ಯ ತಂಡಕ್ಕೆ ಏರಲಿಲ್ಲ. ಆದರೆ ನಮ್ಮ ದೇಶದ ಹುಡುಗರಿಗೆ ಮೊದಲು ಬಾಗಿಲು ತೆರೆದದ್ದು ಇವರೇ ಅಲ್ವಾ?

ನೀವು ಕೂತಿದ್ದ ಮೈದಾನದ ಬಲಗಡೆಯ ಗೋಡೆ 21 ಅಡಿ ಎತ್ತರ. ಕ್ಲೆಮೆಂಟೆ ಆಡಿದ್ದು ಹಳೇ ಮೈದಾನಗಳಲ್ಲಿ, ಆದರೆ ನಿಲ್ಲುತ್ತಿದ್ದದ್ದು ಬಲಗಡೆಯಲ್ಲೇ, ಅವರ ಅಂಗಿಯ ಸಂಖ್ಯೆ 21.

ಮುಂದಿನ ಸಲ ಮಗಳ ಮನೆಗೆ ಅಕ್ಟೋಬರ್‌ನಲ್ಲಿ ಹೋಗಿ. ಮಾಜರೋಸ್ಕಿ ಚೆಂಡು ಹಾರಿಸಿದ ಹಳೇ ಮೈದಾನ ಈಗಿಲ್ಲ, ಗೋಡೆಯ ಒಂದು ತುಂಡು ಇನ್ನೂ ಇದೆ. ಪ್ರತಿವರ್ಷ 13ನೇ ತಾರೀಕು, ಆ ಕೊನೆಯ ಆಟ ನಡೆದ ದಿನ, ಜನ ಕುರ್ಚಿ ತಂದು ಅದರ ಮುಂದೆ ಕೂರುತ್ತಾರೆ. 1960ರ ರೇಡಿಯೊ ಕಾಮೆಂಟರಿ ಹಾಕುತ್ತಾರೆ. ಸರಿಯಾಗಿ 3:36ಕ್ಕೆ ಎಲ್ಲರೂ ಎದ್ದು ಕೂಗುತ್ತಾರೆ.