‘ದ್ರವ ಅಂದರೆ ಏನು ಸ್ವಾಮಿ?’

ಪ್ರಶ್ನೆ: ನಾನು ತತ್ವಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ತರ್ಕದೋಷ ಅಂದರೆ ವಾದದ ಹೆಜ್ಜೆ ತಪ್ಪುವುದು ಅಂತ ಕಲಿತಿದ್ದೇನೆ. ಆದರೆ ಹದಿನೇಳನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿಗಳಾದ ಬೇಕನ್, ಲಾಕ್ ಓದಿದರೆ ಪದಗಳ ದುರ್ಬಳಕೆಯ ಮಾತೇ ಜಾಸ್ತಿ. ಇವೆರಡಕ್ಕೂ ಏನು ಸಂಬಂಧ? ಉಪಮೆ, ರೂಪಕಗಳನ್ನೂ ಲಾಕ್ ದುರ್ಬಳಕೆ ಅಂದನಂತೆ, ನಿಜವಾ?

ಉತ್ತರ: ಲಾಕ್ ಸ್ವತಃ ವೈದ್ಯಕೀಯ ಓದಿದವನು. ಒಮ್ಮೆ ದೊಡ್ಡ ದೊಡ್ಡ ವೈದ್ಯರ ಕೂಟದಲ್ಲಿದ್ದ. ನರದ ಎಳೆಗಳೊಳಗೆ ದ್ರವ ಹರಿಯುತ್ತದೆಯೋ ಇಲ್ಲವೋ ಅಂತ ಅಲ್ಲಿ ಜೋರು ಚರ್ಚೆ. ಎರಡೂ ಕಡೆ ವಾದಗಳು ಮುಗಿಯುವ ಹಾಗೆ ಕಾಣಲಿಲ್ಲ. ಲಾಕ್ ಕೇಳಿದ: ಮುಂದೆ ಹೋಗುವ ಮೊದಲು, ‘ದ್ರವ’ ಅಂದರೆ ಏನು ಅಂತ ತೀರ್ಮಾನ ಮಾಡಿಕೊಳ್ಳೋಣವಾ? ಅವರಿಗೆ ಇದು ವಿಚಿತ್ರ ಅನ್ನಿಸಿತು. ದ್ರವ ಯಾರಿಗೆ ಗೊತ್ತಿಲ್ಲ! ಆದರೂ ಒಪ್ಪಿದರು. ನೋಡಿದರೆ, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಅರ್ಥ. ನರದಲ್ಲಿ ಏನೋ ಸೂಕ್ಷ್ಮವಾದದ್ದು ಹರಿಯುತ್ತದೆ ಅನ್ನುವುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವೇ ಇರಲಿಲ್ಲ. ಅದನ್ನು ದ್ರವ ಅನ್ನಬೇಕೋ ಬೇಡವೋ ಅನ್ನುವುದಷ್ಟೇ ಜಗಳ.

1689ರಲ್ಲಿ ಹೊರಬಂದ ಅವನ ದೊಡ್ಡ ಪ್ರಬಂಧದಲ್ಲಿ ಈ ಕಥೆ ಇದೆ. ಅದರ ಮೂರನೇ ಭಾಗ ಪೂರ್ತಿ ಪದಗಳ ಬಗ್ಗೆಯೇ.

ಬೇಕನ್ ಇದನ್ನು 1620ರಲ್ಲೇ ಹಿಡಿದಿದ್ದ. ನಾಲ್ಕು ಜನ ಸೇರಿ ಮಾತಾಡುವುದರಿಂದ ಹುಟ್ಟುವ ಭ್ರಮೆಗಳಿಗೆ ಅವನಿಟ್ಟ ಹೆಸರು ‘ಸಂತೆಯ ವಿಗ್ರಹಗಳು’. ಅವನ ಉದಾಹರಣೆ ‘ತೇವ’ ಅನ್ನುವ ಪದ. ಸುತ್ತ ಸುಲಭವಾಗಿ ಹರಡುವುದೂ ತೇವ, ಬೇಗ ಚೂರಾಗಿ ಚೆದುರುವುದೂ ತೇವ, ಇನ್ನೊಂದಕ್ಕೆ ಅಂಟಿ ಅದನ್ನು ಒದ್ದೆ ಮಾಡುವುದೂ ತೇವ. ಒಂದು ಅರ್ಥ ಹಿಡಿದರೆ ಬೆಂಕಿಯ ಜ್ವಾಲೆ ತೇವ, ಇನ್ನೊಂದರಲ್ಲಿ ನುಣ್ಣನೆಯ ಧೂಳು ತೇವ, ಮತ್ತೊಂದರಲ್ಲಿ ಗಾಜೂ ತೇವ! ನಮ್ಮ ‘ಹಸಿ’ಯೂ ಹೀಗೇ ಅಲ್ವಾ? ಹಸಿ ಗೋಡೆ, ಹಸಿ ಮೆಣಸಿನಕಾಯಿ, ಹಸಿ ಸುಳ್ಳು. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ.

ವಾದ ಕಟ್ಟುವಾಗ ತೊಂದರೆ. ಹರಡುವುದೆಲ್ಲ ತೇವ, ಜ್ವಾಲೆ ಹರಡುತ್ತದೆ, ಆದ್ದರಿಂದ ಜ್ವಾಲೆ ತೇವ. ಇಲ್ಲಿಯವರೆಗೆ ಹೆಜ್ಜೆ ಸರಿಯಾಗಿಯೇ ಇದೆ. ‘ತೇವವಾದದ್ದು ಬಟ್ಟೆ ಒದ್ದೆ ಮಾಡುತ್ತದೆ, ಹಾಗಾಗಿ ಜ್ವಾಲೆಯೂ ಮಾಡುತ್ತದೆ’ ಅಂದಿರೋ, ಸಿಕ್ಕಿಬಿದ್ದಿರಿ: ನಡುವೆ ‘ತೇವ’ದ ಅರ್ಥವೇ ಬದಲಾಗಿಬಿಟ್ಟಿತು. ನೀವು ಕಲಿತ ಹೆಜ್ಜೆ ತಪ್ಪುವುದು ಇದೇ, ಆದರೆ ಒಂದೇ ಪದ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಇವರಿಬ್ಬರೂ ಪದದ ಹಿಂದೆ ಬಿದ್ದದ್ದು ಅದಕ್ಕೇ. ಅದೇ ಶತಮಾನದ ಇನ್ನೊಬ್ಬ ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ಇನ್ನೂ ಖಾರ: 1651ರಲ್ಲಿ, ‘ದೇಹವಿಲ್ಲದ ವಸ್ತು’ ಅನ್ನುವುದು ‘ದುಂಡಗಿನ ಚೌಕ’ ಇದ್ದ ಹಾಗೆ, ಬರೀ ಸದ್ದು ಅಂದುಬಿಟ್ಟ.

ಇನ್ನು ರೂಪಕದ ವಿಷಯ. ನಿಜ, ಲಾಕ್ ಅದನ್ನೂ ದುರ್ಬಳಕೆಯ ಪಟ್ಟಿಗೆ ಸೇರಿಸಿದ. ಕೇಳಿ ಖುಷಿಪಡುವ ಜಾಗದಲ್ಲಿ ಇರಲಿ, ತಿಳಿವಳಿಕೆ ಬೇಕಾದ ಜಾಗದಲ್ಲಿ ಮೋಸ ಅಂದ. ತಮಾಷೆ ಏನೆಂದರೆ, ಅಲ್ಲೇ ಮುಂದುವರಿದು, ಮಾತಿನ ಚಮತ್ಕಾರ ಹೆಣ್ಣಿನ ಚೆಲುವಿದ್ದ ಹಾಗೆ, ಅದರ ವಿರುದ್ಧ ಯಾರೂ ಮಾತಾಡಲಾರರು ಅಂತ ಒಂದು ಉಪಮೆಯನ್ನೇ ಎಸೆದು ಅಧ್ಯಾಯ ಮುಗಿಸುತ್ತಾನೆ.