ಗಂಡನಿಗೆ ಮಲಾವಿಯ ಮಿಷನ್ ಆಸ್ಪತ್ರೆಯಿಂದ ಕರೆ ಬಂದಿದೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿ ಎರಡು ದಿನವಾಯಿತು, ಇನ್ನೂ ಅದೇ ತಲೆಯಲ್ಲಿದೆ. ನಿಮ್ಮವರು ಡಾಕ್ಟರ್, ಆಫ್ರಿಕಾದ ಮಲಾವಿ ದೇಶದ ಹಳ್ಳಿ ಕಡೆಯ ಮಿಷನ್ ಆಸ್ಪತ್ರೆಯೊಂದು ಮೂರು ವರ್ಷಕ್ಕೆ ಕರೆದಿದೆ, ಮಕ್ಕಳಿಗೆ ಒಂಬತ್ತು ಮತ್ತು ಐದು ವರ್ಷ. "ಮಲೇರಿಯಾ ಇರುವ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ತಪ್ಪಾ?" ಎಂದು ಕೇಳಿದ್ದೀರಿ. ಕೊನೆಯಲ್ಲಿ ಒಂದೇ ಸಾಲು, "ನಾನು ಅಲ್ಲಿ ಏನು ಮಾಡಲಿ?" ನನಗೆ ಆ ಕೊನೆಯ ಸಾಲೇ ದೊಡ್ಡ ಪ್ರಶ್ನೆ ಅನ್ನಿಸಿತು.

ನಾವು ಕಲಬುರಗಿ ಕಡೆಯವರು, ಮೆಥಡಿಸ್ಟ್ ಸಭೆಯವರು. ಇವರು ಸರ್ಜರಿ ಓದಿದ್ದು ವೆಲ್ಲೂರಿನಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. 2015ರಲ್ಲಿ ಮಲಾವಿಗೆ ಹೋದೆವು, 2021ರಲ್ಲಿ ಬಂದೆವು. ಹೋಗುವಾಗ ಮಗನಿಗೆ ಎಂಟು, ಮಗಳಿಗೆ ನಾಲ್ಕು. ದೇಶದ ದಕ್ಷಿಣ ಭಾಗ, ಮನೆ ಮುಂದೆ ನಿಂತರೆ ಮೂರು ಸಾವಿರ ಮೀಟರ್ ಎತ್ತರದ ಮುಲಾಂಜೆ ಬೆಟ್ಟ. ನಮ್ಮನ್ನು ನೋಡಿದವರು ಮೊದಲು ಕೇಳುತ್ತಿದ್ದದ್ದು, ಯಾವ ಅಂಗಡಿ ಹಾಕುತ್ತೀರಿ ಅಂತ. ಅಲ್ಲಿನ ಪೇಟೆಗಳಲ್ಲಿ ತುಂಬಾ ಅಂಗಡಿಗಳು ಗುಜರಾತಿಗಳದ್ದು, ಅದಕ್ಕೆ.

ಮೊದಲು ಮಲೇರಿಯಾ ವಿಷಯ ಹೇಳಿಬಿಡುತ್ತೇನೆ. ಆರು ವರ್ಷದಲ್ಲಿ ಮಗನಿಗೆ ಎರಡು ಸಲ ಬಂತು, ಮಗಳಿಗೆ ಒಂದು ಸಲ. ಮಕ್ಕಳಿಗೆ ತೂಕ ನೋಡಿ ವಾರಕ್ಕೊಂದು ಮೆಫ್ಲೋಕ್ವಿನ್ ಕೊಡುತ್ತಿದ್ದೆವು. ದಿನಾ ತೆಗೆದುಕೊಳ್ಳುವ ಬೇರೆ ಮಾತ್ರೆಯೂ ಇದೆ, ಯಾವುದು ಸರಿ ಅಂತ ನಿಮ್ಮವರು ನೋಡುತ್ತಾರೆ. ಮೆಫ್ಲೋಕ್ವಿನ್ ಕೆಲವರಿಗೆ ಕೆಟ್ಟ ಕನಸು ತರುತ್ತದೆ, ಅದನ್ನು ಗಮನಿಸಿ. ಸಂಜೆ ಆರಕ್ಕೆ ತುಂಬು ತೋಳಿನ ಬಟ್ಟೆ, ರಾತ್ರಿ ಔಷಧಿ ಹಚ್ಚಿದ ಸೊಳ್ಳೆ ಪರದೆ, ಇದರಲ್ಲಿ ಒಂದು ದಿನವೂ ಸಡಿಲ ಬಿಡಬೇಡಿ. ಜ್ವರ ಬಂದರೆ ಮನೆಯಲ್ಲೇ ಬೆರಳು ಚುಚ್ಚಿ ಕಿಟ್‌ನಲ್ಲಿ ಪರೀಕ್ಷೆ. ಬಂತು ಅಂದರೆ ಎಲ್‌ಎ ಎಂದು ಅಲ್ಲಿ ಕರೆಯುವ ಮಾತ್ರೆ, ಮೂರು ದಿನ, ಆರು ಡೋಸ್, ಹಾಲಿನ ಜೊತೆ. ಆಸ್ಪತ್ರೆ ಪಕ್ಕದಲ್ಲೇ ಇರುವುದರಿಂದ ತಡವಾಗುವುದಿಲ್ಲ. ಮಲೇರಿಯಾದಲ್ಲಿ ಜೀವ ತೆಗೆಯುವುದು ತಡವೇ.

ನಮಗೆ ನಿಜವಾಗಿ ಭಯವಾಗಿದ್ದು ಅಲ್ಲಿ ಅಲ್ಲ, ಇಲ್ಲಿ. ರಜೆಗೆ ಊರಿಗೆ ಬಂದ ಹತ್ತನೇ ದಿನ ಮಗಳಿಗೆ ಜ್ವರ. ಊರಿನ ಒಂದು ಕ್ಲಿನಿಕ್‌ನಲ್ಲಿ ವೈರಲ್ ಅಂದರು, ಪ್ಯಾರಾಸಿಟಮಾಲ್ ಕೊಟ್ಟರು. ಇವರು ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಾಗ ಫಾಲ್ಸಿಪ್ಯಾರಮ್ ಸಿಕ್ಕಿತು, ಮಲೇರಿಯಾದಲ್ಲೇ ಅಪಾಯದ ಬಗೆ. ರಜೆಗೆ ಬಂದಾಗ ಯಾವ ಜ್ವರಕ್ಕಾದರೂ ಡಾಕ್ಟರ್ ಹತ್ತಿರ ಮೊದಲ ಮಾತು "ನಾವು ಮಲಾವಿಯಿಂದ ಬಂದಿದ್ದೇವೆ" ಎಂದೇ ಇರಲಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಕಾರ್ಡ್ ಜೋಪಾನ ಮಾಡಿ. ಕೀನ್ಯಾ, ಇಥಿಯೋಪಿಯಾ ಸುತ್ತಿಕೊಂಡು ವಾಪಸ್ ಬರುವಾಗ ಆ ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇಡಬಹುದು.

ಈಗ ಮನೆಯ ವಿಷಯ.

ಅಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ಹೊರಗೆ ನಿಂತು "ಒಡಿ!" ಎಂದು ಕೂಗುತ್ತಾರೆ. ಒಳಗಿನಿಂದ "ಒಡಿನಿ" ಅಂದರೆ ಬನ್ನಿ ಅಂತ. ಮೊದಲ ಎರಡು ವರ್ಷ ನಮ್ಮ ಮನೆಯಲ್ಲಿ ಆ ಕೂಗು ಕೇಳದ ರಾತ್ರಿ ಕಡಿಮೆ. ಕರೆಂಟ್ ಇಲ್ಲ, ಫೋನ್ ಸಿಗುತ್ತಿಲ್ಲ, ಆಸ್ಪತ್ರೆಯ ಕಾವಲುಗಾರ ಟಾರ್ಚ್ ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದರು. ಹೆರಿಗೆ ತಡೆದಿದೆ, ಮಗುವಿಗೆ ರಕ್ತ ಬೇಕು, ಯಾರೋ ಮಾವಿನ ಮರದಿಂದ ಬಿದ್ದಿದ್ದಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಮಲೇರಿಯಾ, ಮನೆಗಳಲ್ಲಿ ಮೆಕ್ಕೆಜೋಳ ಖಾಲಿಯಾಗುವ ಕಾಲ, ಮೂರೂ ಒಟ್ಟಿಗೆ ಬರುತ್ತವೆ. ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು, ಮೂವರು. ಆಗ ಇವರು ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ. ನಾನೂ ಏನೂ ಅನ್ನುತ್ತಿರಲಿಲ್ಲ. ಅಲ್ಲಿ ಜೀವ ಹೋಗುತ್ತಿರುವಾಗ "ಊಟಕ್ಕೆ ಬನ್ನಿ" ಅಂತ ಹೇಗೆ ಹೇಳಲಿ?

2017ರ ಮಾರ್ಚ್ ಒಂದನೇ ತಾರೀಖು ಗೋಡೆಯ ಕ್ಯಾಲೆಂಡರ್‌ನ ಹಾಳೆ ಮಗುಚಲು ಹೋದೆ. ಫೆಬ್ರವರಿಯ ಕೆಲವು ಮನೆಗಳಲ್ಲಿ ಹಸಿರು ಪೆನ್ಸಿಲ್‌ನ ಚುಕ್ಕೆಗಳಿದ್ದವು. ಒತ್ತಿ ಒತ್ತಿ ಇಟ್ಟು ಕಾಗದ ಮಿರುಗುತ್ತಿತ್ತು. ಮಗಳನ್ನು ಕೇಳಿದೆ. "ಅಪ್ಪ ರಾತ್ರಿ ನಮ್ಮ ಜೊತೆ ಉಂಡ ದಿನ" ಅಂದಳು. ಎಣಿಸಿದೆ, ಏಳಿದ್ದವು. ಯಾರೂ ಹೇಳಿಕೊಟ್ಟಿದ್ದಲ್ಲ, ಅವಳಿಗೆ ಆಗ ಆರು ವರ್ಷ. ಮಗುವಿಗೆ ಸಿಟ್ಟೂ ಇರಲಿಲ್ಲ, ಸುಮ್ನೆ ಲೆಕ್ಕ ಇಟ್ಟಿದ್ದಳು.

ಆ ಹಾಳೆಯನ್ನು ಹರಿದು ಇವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡುತ್ತಾ ನಿಂತರು. ಮಾರನೇ ದಿನ ಹಿರಿಯ ಕ್ಲಿನಿಕಲ್ ಆಫೀಸರ್ ಹತ್ತಿರ ಹೋಗಿ ಕೂತರು. ಕ್ಲಿನಿಕಲ್ ಆಫೀಸರ್ ಅಂದರೆ ಎಂಬಿಬಿಎಸ್ ಓದಿದವರಲ್ಲ, ಮೂರು ವರ್ಷದ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮಲಾವಿಯ ಹಳ್ಳಿ ಕಡೆ ಹೆಚ್ಚಿನ ಸಿಜೇರಿಯನ್ ಮಾಡುವವರು ಅವರೇ. ನಮ್ಮ ಆಸ್ಪತ್ರೆಯವರು ಹದಿನೆಂಟು ವರ್ಷದಿಂದ ಅಲ್ಲೇ ಇದ್ದವರು. ಇವರು ಬಂದ ಮೇಲೆ ಕಷ್ಟದ ಕೇಸೆಲ್ಲಾ ಇವರಿಗೇ ಎಂದು ಪಕ್ಕಕ್ಕೆ ಸರಿದುಬಿಟ್ಟಿದ್ದರು, ಇವರೂ ತೆಗೆದುಕೊಳ್ಳುತ್ತಾ ಹೋಗಿದ್ದರು. ಅವರು ಮೆತ್ತಗೆ ಒಂದು ಮಾತು ಹೇಳಿದರಂತೆ: "ಡಾಕ್ಟರ್, ನೀವು ಬರುವ ಮೊದಲೂ ಇಲ್ಲಿ ಹೆರಿಗೆ ಆಗುತ್ತಿತ್ತು. ನೀವು ಹೋದ ಮೇಲೂ ಆಗಬೇಕು."

ನನ್ನ ಉತ್ತರದಲ್ಲಿ ಇದೊಂದನ್ನು ಮರೆಯಬೇಡಿ. "ಇಲ್ಲಿ ನಾನೊಬ್ಬನೇ ಇರುವುದು" ಎಂಬ ಭಾವನೆ ಬಹಳ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಅದು ಮನೆಯನ್ನೂ ಕೆಡಿಸುತ್ತದೆ, ಆಸ್ಪತ್ರೆಯನ್ನೂ ಕೆಡಿಸುತ್ತದೆ. ಆ ತಿಂಗಳಿಂದ ವಾರದಲ್ಲಿ ನಾಲ್ಕು ರಾತ್ರಿ ಮೊದಲ ಕರೆ ಕ್ಲಿನಿಕಲ್ ಆಫೀಸರ್‌ಗಳಿಗೆ ಹೋಗತೊಡಗಿತು, ಅವರು ಕರೆದರೆ ಮಾತ್ರ ಇವರು. ಬುಧವಾರ ಬೆಳಿಗ್ಗೆ ಆಪರೇಷನ್ ಥಿಯೇಟರ್‌ನಲ್ಲಿ ಇವರು ಅಸಿಸ್ಟೆಂಟ್, ಕತ್ತಿ ಹಿಡಿಯುವವರು ಅವರು. ಎರಡು ವರ್ಷದಲ್ಲಿ ಇಬ್ಬರು ಕರುಳಿನ ಆಪರೇಷನ್ ಕೂಡ ತಾವೇ ಮಾಡುವಂತಾದರು. ನಾವು ಬಿಟ್ಟು ಬಂದ ಮೇಲೂ ಮಾಡುತ್ತಿದ್ದಾರೆ.

ನಮ್ಮ ಸಂಡೇ ಸ್ಕೂಲಿನಲ್ಲಿ ಆಫ್ರಿಕಾಕ್ಕೆ ಹೋದ ಮಿಷನರಿ ಡಾಕ್ಟರ್ ಲಿವಿಂಗ್‌ಸ್ಟನ್ ಕತೆ ಹೇಳಿಯೇ ಹೇಳುತ್ತಾರೆ, ಅಲ್ವಾ? ಅವರ ಹೆಂಡತಿ ಮೇರಿಯ ಕತೆಯನ್ನು ಯಾರೂ ಹೇಳುವುದಿಲ್ಲ. 1852ರಲ್ಲಿ ನಾಲ್ಕು ಮಕ್ಕಳ ಜೊತೆ ಅವರನ್ನು ಹಡಗು ಹತ್ತಿಸಿ ಬ್ರಿಟನ್‌ಗೆ ಕಳಿಸಿದರು. ಮತ್ತೆ ಗಂಡನ ಮುಖ ನೋಡಿದ್ದು ನಾಲ್ಕು ವರ್ಷ ದಾಟಿದ ಮೇಲೆ, ಅಷ್ಟೂ ದಿನ ಕೈಯಲ್ಲಿ ಕಾಸಿಲ್ಲದೆ ಕಷ್ಟಪಟ್ಟರು. 1862ರಲ್ಲಿ ಜಾಂಬೆಜಿ ನದಿ ದಂಡೆಯ ಶುಪಾಂಗದಲ್ಲಿ ಜ್ವರದಿಂದ ತೀರಿಕೊಂಡರು. ನನಗೆ ಇದು ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಮೊದಲೇ ಗೊತ್ತಿದ್ದರೆ ಇವರಿಗೆ ಬಾಯಿಬಿಟ್ಟು ಹೇಳಲು ಎರಡು ವರ್ಷ ಕಾಯುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ, ನಾನು ಏನು ಮಾಡಲಿ? ಮೊದಲ ಆರು ತಿಂಗಳು ನಾನೂ ಮನೆಯಲ್ಲಿ ಕೂತು ಅತ್ತಿದ್ದೇನೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಆಮೇಲೆ ಏನಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಬಂದವರೇ ಅಡುಗೆ ಮಾಡಿ ಉಣಿಸಬೇಕು. ಅವರಿಗೆ ಗಾರ್ಡಿಯನ್ ಎನ್ನುತ್ತಾರೆ, ಅವರು ಉಳಿಯಲು ಒಂದು ಉದ್ದದ ಚಾವಡಿ, ಸಾಲು ಸಾಲು ಮೂರು ಕಲ್ಲಿನ ಒಲೆ. ಒಂದು ಮಧ್ಯಾಹ್ನ ಸುಮ್ನೆ ಅಲ್ಲಿ ಹೋಗಿ ಕೂತೆ. ಹೊಗೆಗೆ ಕಣ್ಣು ಉರಿದು ಎದ್ದೆ, ಎಡವಿದೆ. ಸುತ್ತಲಿನ ಹೆಂಗಸರೆಲ್ಲಾ ಒಟ್ಟಿಗೆ "ಪೆಪಾನಿ" ಅಂದರು. ನಿಮಗೆ ನೋವಾಯಿತಲ್ಲ, ನಮಗೂ ಬೇಜಾರು ಎಂಬಂತೆ. ತಪ್ಪು ಯಾರದ್ದೇ ಇರಲಿ, ಆ ಮಾತು ಹೇಳುತ್ತಾರೆ. ನಾನು ಚಿಚೇವಾ ಭಾಷೆ ಕಲಿತದ್ದು ಆ ಒಲೆಗಳ ಹತ್ತಿರ. ಆಮೇಲೆ ನನ್ನನ್ನು ಡಾಕ್ಟರ್ ಹೆಂಡತಿ ಅನ್ನುವುದು ಬಿಟ್ಟು ಮಗನ ಹೆಸರು ಹಿಡಿದು "ಇಂಥವನ ಅಮ್ಮ" ಎಂದು ಕರೆಯತೊಡಗಿದರು.

ಅಲ್ಲಿಂದ ಅಪೌಷ್ಟಿಕ ಮಕ್ಕಳ ವಾರ್ಡಿಗೆ ಹೋದೆ. ತೂಕ ನೋಡುವುದು, ಬರೆದಿಡುವುದು, ಪಟ್ಟಿಯಲ್ಲಿ ತೋಳು ಅಳೆಯುವುದು, ಗಣಿತದ ಮೇಷ್ಟ್ರಿಗೆ ಇಷ್ಟು ಸಾಕಲ್ಲ. ಮೂರು ಬಣ್ಣದ ಕಾಗದದ ಪಟ್ಟಿ ಅದು. ಮಗುವಿನ ಎಡ ತೋಳಿಗೆ ಸುತ್ತಿ ಎಳೆದರೆ ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಕಿಂಡಿಯಲ್ಲಿ ಕೆಂಪು ಕಾಣುತ್ತದೆ. ಮೊದಲ ಸಲ ಎಳೆದಾಗ ನಿಲ್ಲುತ್ತದೆ ಅಂದುಕೊಂಡ ಕಡೆ ನಿಲ್ಲಲಿಲ್ಲ, ಹಾಗೇ ಜಾರುತ್ತಾ ಹೋಯಿತು. ನನ್ನ ಎರಡು ಬೆರಳಿನಷ್ಟು ತೋಳು. ಎರಡು ವರ್ಷದ ಹುಡುಗ. ಮೂರು ಗಂಟೆಗೊಮ್ಮೆ ಎಫ್-75 ಎಂಬ ಹಾಲು ಕುಡಿಸಿದೆವು. ಎಂಟನೇ ದಿನ ಅವನ ಅಮ್ಮ ಚಿಪೊಂಡೆ ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಹರಿದು ಹಿಡಿದರು. ಚಿಪೊಂಡೆ ಅಂದರೆ ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಅರೆದ ಪೇಸ್ಟ್. ಆ ಹುಡುಗ ಮುಖ ತಿರುಗಿಸಲಿಲ್ಲ, ನೆಕ್ಕಿದ. ಆ ತಾಯಿ ನನ್ನ ಮಂಡಿಯ ಮೇಲೆ ಕೈ ಇಟ್ಟರು. ಆ ಸಂಜೆ ಮನೆಗೆ ಬಂದಾಗ ನಾನು ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿಕೊಳ್ಳಲಿಲ್ಲ.

ಊಟದ ಬಗ್ಗೆ ಚಿಂತೆ ಬೇಡ. ದಕ್ಷಿಣದ ದೊಡ್ಡ ಪಟ್ಟಣ ಬ್ಲಾಂಟೈರ್‌ನ ಗುಜರಾತಿ ಅಂಗಡಿಗಳಲ್ಲಿ ಬೇಳೆ, ಗೋಧಿ ಹಿಟ್ಟು, ಹಪ್ಪಳ ಎಲ್ಲಾ ಸಿಗುತ್ತದೆ. ಊರಿನ ಊಟ ನ್ಸಿಮಾ, ಬಿಳಿ ಮೆಕ್ಕೆಜೋಳದ ಮುದ್ದೆ. ನಾವು ರೊಟ್ಟಿಯವರು, ನಮಗೆ ತಿಂಗಳು ಬೇಕಾಯಿತು. ಮಂಡ್ಯ ಕಡೆಯವರಿಗಾದರೆ ಮೊದಲ ದಿನವೇ ಕೈ ಹೊಂದುತ್ತದೆ.

ಇನ್ನು ತೊಗರಿ! ಅಲ್ಲಿ ಅದು ನಂದೊಲೊ, ದಕ್ಷಿಣ ಮಲಾವಿಯಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಎಲ್ಲೆಲ್ಲೂ ಇದೆ. ನಮ್ಮ ದೇಶಕ್ಕೇ ಬರುತ್ತಿತ್ತು. 2017ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ಹೊರಗಿನ ತೊಗರಿಗೆ ವರ್ಷಕ್ಕೆ ಎರಡು ಲಕ್ಷ ಟನ್ ಎಂದು ಮಿತಿ ಹಾಕಿತು. ಅಲ್ಲಿ ಬೆಲೆ ನೆಲ ಕಚ್ಚಿತು. ನಮ್ಮ ಮನೆಗೆ ಹಾಲು ತರುತ್ತಿದ್ದ ಅಜ್ಜ ಒಂದು ಮುಷ್ಟಿ ತೊಗರಿ ತಂದು ನನ್ನ ಕೈಗೆ ಸುರಿದು ಕೇಳಿದರು, "ಅಮ್ಮಾ, ನಿಮ್ಮವರು ಯಾಕೆ ಕೊಳ್ಳುತ್ತಿಲ್ಲ? ಕಾಳು ಚೆನ್ನಾಗಿಲ್ಲವಾ?" ಅದೇ ವರ್ಷ ನಮ್ಮ ಅಣ್ಣ ಊರಲ್ಲಿ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ದಿನಗಟ್ಟಲೆ ಕಾದಿದ್ದ. ಅವನದ್ದೂ ತೊಗರಿಯೇ, ಅವನಿಗೂ ಬೆಲೆ ಇಲ್ಲ. ಅಜ್ಜನಿಗೆ ಇದನ್ನು ನನ್ನ ಹರುಕು ಮುರುಕು ಚಿಚೇವಾದಲ್ಲಿ ಹೇಳಿದೆ. "ಪೆಪಾನಿ" ಅಂದರು, ನಮ್ಮ ಅಣ್ಣನಿಗೆ.

ಶಾಲೆ ಕಷ್ಟವೇ, ಮುಚ್ಚಿಡುವುದಿಲ್ಲ. ಊರಿನ ಶಾಲೆಯಲ್ಲಿ ಒಂದನೇ ತರಗತಿಗೆ ನೂರಕ್ಕೂ ಜಾಸ್ತಿ ಮಕ್ಕಳು. ಮಗಳನ್ನು ಒಂದು ವರ್ಷ ಅಲ್ಲೇ ಕಳಿಸಿದೆ, ಭಾಷೆ ಕಲಿಯಲಿ, ಗೆಳತಿಯರು ಸಿಗಲಿ ಅಂತ. ಓದು ಮಾತ್ರ ಮನೆಯಲ್ಲಿ, ಇಲ್ಲಿಂದ ಒಯ್ದ ಪುಸ್ತಕಗಳಿಂದ. ಐದು ವರ್ಷದವರಿಗೆ ಇದು ನಡೆಯುತ್ತದೆ. ಒಂಬತ್ತು ವರ್ಷದವರಿಗೆ ಮೂರು ವರ್ಷ ನಡೆಯುತ್ತದೆ. ಅದರ ಮುಂದೆ ಹಾಸ್ಟೆಲ್ ಪ್ರಶ್ನೆ ಬರುತ್ತದೆ. ನಾವು ವಾಪಸ್ ಬಂದದ್ದು ಮಗ ಹೈಸ್ಕೂಲಿಗೆ ಬಂದ ಅಂತಲೇ.

ಇನ್ನೊಂದು ಹೇಳಲೇಬೇಕು, ಊರಲ್ಲಿರುವ ಹಿರಿಯರು. 2020ರ ಮೇನಲ್ಲಿ ನಮ್ಮ ಮಾವ ತೀರಿಕೊಂಡರು. ವಿಮಾನಗಳೆಲ್ಲಾ ನಿಂತಿದ್ದವು. ಇವರು ಫೋನಿನಲ್ಲಿ ಅಪ್ಪನ ಮಣ್ಣು ನೋಡಿದರು, ಅದೂ ಎರಡು ಸಲ ಕಟ್ ಆಯಿತು. ಆ ರಾತ್ರಿ ಹಿರಿಯ ಕ್ಲಿನಿಕಲ್ ಆಫೀಸರ್, ನರ್ಸ್‌ಗಳು, ಹಾಲಿನ ಅಜ್ಜ ಎಲ್ಲರೂ ಬಂದು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಬೆಳಗಿನವರೆಗೆ ಕೂತಿದ್ದರು. ಹೆಂಗಸರು ಹಾಡಿದರು. ಅಷ್ಟು ಜನ ಇದ್ದರೂ ಅತ್ತೆ ಅಲ್ಲಿ ಒಬ್ಬರೇ ಇದ್ದಾರಲ್ಲ ಎಂಬ ನೋವು ಇವರಿಗೆ ಇವತ್ತಿಗೂ ಹೋಗಿಲ್ಲ. ನಿಮ್ಮ ಹಿರಿಯರ ಹತ್ತಿರ ಕೂತು ಇದನ್ನು ಮೊದಲೇ ಮಾತಾಡಿ.

ನನ್ನನ್ನು ಕೇಳಿದರೆ ಹೋಗಿ, ಮಕ್ಕಳನ್ನು ಕರೆದುಕೊಂಡೇ ಹೋಗಿ. ಆದರೆ ಸಹಿ ಹಾಕುವ ಮೊದಲು ಆಸ್ಪತ್ರೆಗೆ ಬರೆದು ಕೇಳಿ. ವಾರದಲ್ಲಿ ಎಷ್ಟು ರಾತ್ರಿ ಡ್ಯೂಟಿ? ಕ್ಲಿನಿಕಲ್ ಆಫೀಸರ್‌ಗಳು ಎಷ್ಟು ಜನ? ವರ್ಷಕ್ಕೊಮ್ಮೆ ನಾಲ್ವರಿಗೂ ಟಿಕೆಟ್ ಯಾರು ಕೊಡುತ್ತಾರೆ? ದೊಡ್ಡ ಕಾಯಿಲೆ ಬಂದರೆ ಹೊರಗೆ ಸಾಗಿಸುವ ವಿಮೆ ಇದೆಯಾ? ನಿಮಗೆ ಅಲ್ಲಿ ಕೆಲಸ ಮಾಡಲು ಪರವಾನಗಿ ಸಿಗುತ್ತದಾ? ಪತ್ರ ನಿಮ್ಮ ಹೆಸರಿನಲ್ಲೂ ಇರಲಿ. ಸ್ವೆಟರ್ ಮರೆಯಬೇಡಿ, ಜೂನ್, ಜುಲೈನಲ್ಲಿ ಚಿಪೆರೋನಿ ಎಂಬ ಮಂಜು ಮಳೆ ದಿನಗಟ್ಟಲೆ ಹಿಡಿಯುತ್ತದೆ, ಒಗೆದ ಬಟ್ಟೆ ಒಣಗುವುದೇ ಇಲ್ಲ.

ಆಸ್ಪತ್ರೆಯಿಂದ ಏನು ಉತ್ತರ ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ಒಲೆಗಳ ಹತ್ತಿರ ಕೂತು ಚಿಚೇವಾ ಬರೆದುಕೊಂಡ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ, ಎಲ್ಲಾ ಕನ್ನಡ ಅಕ್ಷರದಲ್ಲೇ. ಫೋಟೋ ತೆಗೆದು ಹಾಕುತ್ತೇನೆ. ಮೊದಲ ಪುಟದಲ್ಲಿ ಮೂರೇ ಮಾತಿವೆ: ಒಡಿ, ಒಡಿನಿ, ಪೆಪಾನಿ.